ಗಾಜುಗಪ್ಪೆಯ ಮೈಯಲ್ಲಿ ಕೆಂಪು ಕಂಡರೆ

ಮಾನ್ಯ ಸಂಪಾದಕರೇ,

ಮಧ್ಯ ಹಾಗೂ ದಕ್ಷಿಣ ಅಮೆರಿಕದ ಮಳೆಕಾಡಿನ, ಅರೆಪಾರದರ್ಶಕ ಮೈಯ ಗಾಜುಗಪ್ಪೆಯ ಚಿತ್ರಗಳು ಮೊಬೈಲುಗಳಲ್ಲಿ ಹರಿದಾಡುತ್ತಲೇ ಇರುತ್ತವೆ. ಕಪ್ಪೆಯನ್ನು ಗಾಜಿನ ಮೇಲೆ ಕೂರಿಸಿ ಅಡಿಯಿಂದ ತೆಗೆದ ಆ ಚಿತ್ರಗಳಲ್ಲಿ ಕೆಂಪು ರಕ್ತನಾಳಗಳು ಎದ್ದು ಕಾಣುತ್ತವೆ. ಅದಕ್ಕೆ ‘ಮಾಯವಾಗುವ ಕಪ್ಪೆ’ ಎಂಬ ಅಡಿಬರಹ ಸಲ್ಲದು. ರಕ್ತ ಕೆಂಪಗೆ ಕಾಣುತ್ತಿದೆಯೆಂದರೆ ಕಪ್ಪೆ ಎಚ್ಚರಗೊಂಡಿದೆ, ಅದರ ಮರೆ ಕಳಚಿದೆ ಎಂದೇ ಅರ್ಥ.

ಎರಡು-ಮೂರು ಸೆಂ.ಮೀ. ಉದ್ದದ ಈ ಕಪ್ಪೆ ಹಗಲಿಡೀ ಎಲೆಯ ಅಡಿಗೆ ಅಂಟಿಕೊಂಡು ಮಲಗುತ್ತದೆ. ಆಗ ಕೆಂಪು ರಕ್ತಕಣಗಳಲ್ಲಿ ಸುಮಾರು ಶೇ 89ರಷ್ಟು ಯಕೃತ್ತಿಗೆ ಸೇರಿಕೊಳ್ಳುತ್ತವೆ. ಯಕೃತ್ತಿನ ಹೊದಿಕೆಯಲ್ಲಿರುವ ಗ್ವಾನಿನ್ ಹರಳುಗಳು ಬೆಳಕನ್ನು ಪ್ರತಿಫಲಿಸುವುದರಿಂದ ಒಳಗಿನ ಕೆಂಪು ಹೊರಗೆ ಕಾಣದು. ಮೈಯ ಪಾರದರ್ಶಕತೆ ಎರಡು-ಮೂರು ಪಟ್ಟು ಹೆಚ್ಚುತ್ತದೆ. ಎದ್ದು ಓಡಾಡತೊಡಗಿದರೆ ರಕ್ತ ಮತ್ತೆ ಮೈತುಂಬ ಹರಿಯುತ್ತದೆ. 2022ರ ಡಿಸೆಂಬರಿನಲ್ಲಿ ‘ಸೈನ್ಸ್’ ನಿಯತಕಾಲಿಕದಲ್ಲಿ ಪ್ರಕಟವಾದ ಸಂಗತಿ ಇದು. ಅಷ್ಟೊಂದು ರಕ್ತಕಣಗಳು ಒಂದೇ ಕಡೆ ಒತ್ತೊತ್ತಾಗಿ ನಿಂತರೂ ಹೆಪ್ಪುಗಟ್ಟುವುದಿಲ್ಲ. ನಮ್ಮ ದೃಷ್ಟಿಯಲ್ಲಿ ನಿಜವಾದ ಬೆರಗು ಇರುವುದು ಅಲ್ಲಿ.

ಇದರ ಬದುಕು ತೊರೆಯ ಮೇಲೆ ಬಾಗಿದ ಎಲೆಗಳನ್ನೇ ನಂಬಿದೆ. ಮೊಟ್ಟೆಯಿಡುವುದು ಆ ಎಲೆಗಳಿಗೇ. ಹಲವು ಜಾತಿಗಳಲ್ಲಿ ಗಂಡು ಮೊಟ್ಟೆಗಳ ಮೇಲೆ ಕುಳಿತು ತೇವ ಕಾಯುತ್ತದೆ. ಗಂಡು ಇಲ್ಲವಾದರೆ ಮೊಟ್ಟೆಗಳ ಸುತ್ತಲಿನ ಲೋಳೆ ಒಣಗಿ, ಭ್ರೂಣಗಳು ಸಾಯುತ್ತವೆ ಇಲ್ಲವೇ ಬಲಿಯುವ ಮೊದಲೇ ಒಡೆದು ಹೊರಬರುತ್ತವೆ. ಮರಿಗಳು ಕೆಳಗಿನ ನೀರಿಗೆ ಉದುರಿ, ತಳದ ಕೊಳೆತ ಎಲೆಗಳಲ್ಲಿ ಅಡಗಿ ಬೆಳೆಯಬೇಕು. ದಡದ ಗಿಡ ಕಡಿದರೆ ಮೊಟ್ಟೆಗೆ ಜಾಗವೂ ಇಲ್ಲ, ತೇವವೂ ಇಲ್ಲ.

ಸಾಕಲು ಹಿಡಿದು ಮಾರುವ ದಂಧೆ ಇನ್ನೊಂದು ಕಂಟಕ. 2022ರ ನವೆಂಬರಿನಲ್ಲಿ ಪನಾಮದಲ್ಲಿ ನಡೆದ ಸೈಟಿಸ್ (ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಒಪ್ಪಂದ) ಸಮ್ಮೇಳನ ಇಡೀ ಗಾಜುಗಪ್ಪೆ ಕುಟುಂಬವನ್ನು ಎರಡನೇ ಅನುಬಂಧಕ್ಕೆ ಸೇರಿಸಿತು. ಅದರಂತೆ ರಫ್ತು ಮಾಡುವ ದೇಶದ ಪರವಾನಗಿ ಇಲ್ಲದೆ ಅವುಗಳ ಅಂತರರಾಷ್ಟ್ರೀಯ ವಹಿವಾಟು ಸಲ್ಲದು. ‘ಅಪರೂಪದ ಕಪ್ಪೆ ಮಾರಾಟಕ್ಕಿದೆ’ ಎಂಬ ಆನ್‌ಲೈನ್ ಜಾಹೀರಾತಿಗೆ ಯಾರೂ ಕೈಹಾಕಬಾರದು.

ತೊರೆಯ ಮೇಲೆ ಮೊಟ್ಟೆಯಿಟ್ಟು ಗಂಡು ಆರೈಕೆ ಮಾಡುವ ಕಪ್ಪೆ ನಮ್ಮ ಪಶ್ಚಿಮ ಘಟ್ಟದಲ್ಲೂ ಇದೆ. 2014ರಲ್ಲಿ ವಿಜ್ಞಾನಕ್ಕೆ ಪರಿಚಯವಾದ ಕುಂಬಾರ ಕಪ್ಪೆಯ ಗಂಡು ಹಿಂಗಾಲುಗಳ ಮೇಲೆ ನಿಂತು, ಮುಂಗೈಗಳಿಂದ ತೊರೆಯ ಕೆಸರೆತ್ತಿ ಮೊಟ್ಟೆಗಳಿಗೆ ಮೆತ್ತುತ್ತದೆ. ಮಳೆಗಾಲದ ರಾತ್ರಿ ಕಪ್ಪೆ ನೋಡಲು ಹೋಗುವವರಲ್ಲಿ ನಮ್ಮ ವಿನಂತಿ: ಫೋಟೊಗಾಗಿ ಎಲೆ ಮಗುಚಬೇಡಿ, ಕೊಂಬೆ ಬಗ್ಗಿಸಬೇಡಿ. ಸೊಳ್ಳೆ ಮುಲಾಮು ಸವರಿದ ಕೈಯಲ್ಲಂತೂ ಕಪ್ಪೆಯನ್ನು ಮುಟ್ಟಲೇಬೇಡಿ. ಅದರ ಚರ್ಮ ತಗುಲಿದ್ದನ್ನೆಲ್ಲ ಹೀರಿಕೊಳ್ಳುತ್ತದೆ. ಗಾಜುಗಪ್ಪೆಯ ಚಿತ್ರ ಪ್ರಕಟಿಸುವಾಗ ಅದು ನಿದ್ದೆಯಲ್ಲಿದ್ದುದೋ ಎಚ್ಚರವಿದ್ದುದೋ ಎಂದು ಪತ್ರಿಕೆಗಳು ಅಡಿಬರಹದಲ್ಲಿ ತಿಳಿಸಬೇಕೆಂದೂ ಕೋರುತ್ತೇವೆ.

– ಕಪ್ಪೆ ಅಧ್ಯಯನಾಸಕ್ತರು, ಶಿರಸಿ