ಬಿಸಿನೀರಿನ ಕುಂಡಕ್ಕೆ ಸೋಪು ತಗೊಂಡು ಹೋಗ್ಬೇಡಿ

ಸಂಪಾದಕರಿಗೆ ನಮಸ್ಕಾರ,

ಹೋದ ವಾರ ನಿಮ್ಮ ಪೇಪರಲ್ಲಿ ಮುಂಬೈ ಹತ್ರ ಬಿಸಿನೀರಿನ ಕುಂಡಗಳಿರುವ ಗಣೇಶಪುರಿ, ವಜ್ರೇಶ್ವರಿ ಪಿಕ್ನಿಕ್ ಬಗ್ಗೆ ಬಂದ ಬರಹ ಓದಿದೆ. ಚಳಿ ಶುರುವಾದ್ರೆ ನಮ್ಮ ಮುಂಬೈ ಕನ್ನಡ ಸಂಘದವರು ಬಸ್ ಮಾಡ್ಕೊಂಡು ಅಲ್ಲಿಗೆ ಹೊರಡೋದು ಹಿಂದಿನಿಂದಲೂ ಉಂಟು, ಸಂತೋಷವೇ. ಆದ್ರೆ ಕುಂಡಗಳನ್ನ ಇನ್ನೂ ದೊಡ್ಡ ಮಾಡಿ ಟ್ಯಾಂಕ್ ಕಟ್ಟಬೇಕು ಅಂತ ಅದರಲ್ಲಿ ಬರೆದಿದ್ರಲ್ಲ, ಅದನ್ನ ಓದಿ ಸುಮ್ಮನೆ ಕೂರ್ಲಿಕ್ಕೆ ಆಗ್ಲಿಲ್ಲ.

ಹೋದ ವರ್ಷ ಫೆಬ್ರವರಿಯಲ್ಲಿ ಮಗಳ ಮನೆಗೆ ಲಾಸ್ ವೇಗಸ್‌ಗೆ ಹೋಗಿದ್ದೆವು. ಅಲ್ಲಿಂದ ಕಾರಲ್ಲಿ ಸುಮಾರು ಒಂದೂವರೆ ಗಂಟೆ ಹೋದ್ರೆ ಕ್ಯಾಲಿಫೋರ್ನಿಯಾದ ಟಿಕೋಪಾ ಅಂತ ಪುಟ್ಟ ಊರು, ಡೆತ್ ವ್ಯಾಲಿ ಮರುಭೂಮಿಯ ಪಕ್ಕ, ಸುತ್ತ ಎಲ್ಲಿ ನೋಡಿದ್ರೂ ಬೋಳು ಗುಡ್ಡ. ಅಲ್ಲಿ ಅಮರ್ಗೋಸಾ ಅಂತ ಒಂದು ನದಿ ಉಂಟು, ಸ್ಪ್ಯಾನಿಷ್ ಭಾಷೆಯಲ್ಲಿ ಕಹಿ ಅಂತ ಅರ್ಥ. ಸುಮಾರು 300 ಕಿ.ಮೀ. ಉದ್ದ, ಆದ್ರೆ ಹೆಚ್ಚಿನ ಕಡೆ ನೆಲದ ಅಡಿಯಲ್ಲೇ ಹೋಗ್ತದೆ, ಟಿಕೋಪಾ ಹತ್ರ ಮೇಲೆ ಬಂದು ಹರಿದು, ಮತ್ತೆ ಅಡಗಿ, ಕಡೆಗೆ ಸಮುದ್ರಕ್ಕೆ ಸೇರದೆ ಸಮುದ್ರಮಟ್ಟಕ್ಕಿಂತ 86 ಮೀಟರ್ ಕೆಳಗಿರುವ ಉಪ್ಪಿನ ಬಯಲಲ್ಲಿ ಮುಗೀತದೆ. ದಡದಲ್ಲಿ ನಡೆಯುವಾಗ ಬಿಳಿ ಉಪ್ಪಿನ ಪದರ ಕಾಲಡಿಗೆ ಅಕ್ಕಿ ಹಪ್ಪಳದ ಹಾಗೆ ಪರಪರ ಮುರೀತಿತ್ತು, ಅದರ ಕೆಳಗೆ ಒದ್ದೆ ಕೆಸರು.

ಟಿಕೋಪಾದಲ್ಲೂ ನೆಲದಿಂದ ಬಿಸಿನೀರಿನ ಬುಗ್ಗೆ ಏಳ್ತದೆ, ಅದರ ಸ್ನಾನದ ಮನೆಯಲ್ಲಿ ಹೆಂಗಸರಿಗೆ, ಗಂಡಸರಿಗೆ ಬೇರೆ ಬೇರೆ. ಮೊದಲು ಶವರಲ್ಲಿ ಸೋಪು ಹಾಕಿ ಮೈ ತೊಳ್ಕೊಳ್ಬೇಕು, ಆಮೇಲೆ ಬಟ್ಟೆ ಇಲ್ಲದೆ ನೀರಿಗೆ ಇಳೀಬೇಕು. ನನಗೆ ಸಂಕೋಚ ಆಯ್ತು. ಬಟ್ಟೆಯಲ್ಲಿ ಉಳಿದ ಸೋಪಿನ ಪುಡಿ ಕೂಡ ನೀರಿಗೆ ಬೇಡ ಅಂತ ಅಲ್ಲಿದ್ದ ಹೆಂಗಸು ಹೇಳಿದ ಮೇಲೆ ಸರಿ ಅನ್ನಿಸ್ತು.

ನನ್ನ ಯಜಮಾನ್ರು ಕೆಜಿಎಫ್‌ನಲ್ಲಿ ಹುಟ್ಟಿ ಬೆಳೆದವರು, ಅವರಿಗೆ ಸ್ನಾನಕ್ಕಿಂತ ಗಣಿ ನೋಡುವ ಆಸೆ. ಆ ಗುಡ್ಡಗಳಲ್ಲಿ ಹಿಂದೆ ಸೀಸ, ಬೆಳ್ಳಿ, ಪೌಡರಿನ ಟಾಲ್ಕ್ ಕಲ್ಲು ಎಲ್ಲ ತೆಗೀತಿದ್ರು. ಅಲ್ಲಿಗೆ ಒಂದು ರೈಲೂ ಇತ್ತು, 1907ರಲ್ಲಿ ಪೂರ್ತಿಯಾದದ್ದು 1940ರಲ್ಲಿ ನಿಂತುಹೋಯ್ತು, ಹಳಿಗಳನ್ನೂ ಕಿತ್ತುಬಿಟ್ರು, ಈಗ ನದಿ ಪಕ್ಕ ಅದರ ದಿಣ್ಣೆ ಮೇಲೆ ಜನ ನಡೀತಾರೆ. ಹತ್ತಿರದ ಶೋಶೋನಿಯಲ್ಲಿ ಗಣಿ ಕೆಲಸದವರು ಮಣ್ಣಿನ ದಿಬ್ಬ ಕೊರೆದು ಮಾಡ್ಕೊಂಡ ಗುಹೆಮನೆಗಳುಂಟು, ಬಾಗಿಲು, ಒಲೆಯ ಹೊಗೆ ಕೊಳವೆ ಇನ್ನೂ ಹಾಗೇ ಉಂಟು. ಇವರು ಅಲ್ಲಿ ತುಂಬ ಹೊತ್ತು ನಿಂತ್ರು. 2001ರಲ್ಲಿ ನಮ್ಮ ಗಣಿ ಮುಚ್ಚಿದ ಮೇಲೆ ಉಳಿದದ್ದು ಚಿನ್ನ ತೆಗೆದು ಬಿಸಾಕಿದ ಮಣ್ಣಿನ ಸೈನೈಡ್ ದಿಬ್ಬ, ಗಾಳಿ ಬಂದ್ರೆ ಅದರ ಧೂಳು ಮನೆಯೊಳಗೆ, ಅಷ್ಟೇ ಹೇಳಿದ್ರು.

ಆದ್ರೆ ನನ್ನ ಮನಸ್ಸಲ್ಲಿ ಕೂತದ್ದು ಒಂದು ಮೀನಿನ ಕತೆ. ಟಿಕೋಪಾದ ಬಿಸಿನೀರಿನ ತೋಡುಗಳಲ್ಲಿ ಅರ್ಧ ಬೆರಳಷ್ಟುದ್ದದ ಒಂದು ಮೀನಿತ್ತು, ಟಿಕೋಪಾ ಪಪ್‌ಫಿಶ್ ಅಂತ, 42 ಡಿಗ್ರಿ ಬಿಸಿಯಲ್ಲೂ ಬದುಕ್ತಿತ್ತು, ಲೋಕದಲ್ಲಿ ಬೇರೆಲ್ಲೂ ಇರ್ಲಿಲ್ಲ. ಬರುವವರು ಹೆಚ್ಚಾದ್ರು ಅಂತ ಸ್ನಾನದ ಮನೆಗಳನ್ನ ದೊಡ್ಡ ಮಾಡಿದ್ರು, 1965ರಲ್ಲಿ ಎರಡು ಬುಗ್ಗೆಗಳ ತೋಡು ಒಟ್ಟು ಸೇರಿಸಿದ್ರು, ನೀರಿನ ಸೆಳೆತ ಜೋರಾಯ್ತು, ಆ ಮೀನಿಗೂ ತಾಳ್ಲಿಕ್ಕಾಗದಷ್ಟು ಬಿಸಿ ನೀರು ತೋಡಿನ ಕೆಳಗಿನವರೆಗೂ ಹರೀತು, ಹೊರಗಿನ ಮೀನುಗಳೂ ಬಂದು ಸೇರಿದ್ವು. 1970ರಲ್ಲಿ ಅಳಿವಿನಂಚಿನ ಪಟ್ಟಿಗೆ ಹಾಕುವಾಗಲೇ ತಡವಾಗಿತ್ತು. 1982ರಲ್ಲಿ ಆ ಮೀನಿನ ಸಂತತಿಯೇ ಇಲ್ಲ ಅಂತ ಸರ್ಕಾರ ಪಟ್ಟಿಯಿಂದ ಹೆಸರು ತೆಗೀತು. ಯಾರೂ ವಿಷ ಹಾಕಿದ್ದಲ್ಲ ಮಾರಾಯ್ರೇ, ನಮ್ಮಂಥವರ ಸ್ನಾನಕ್ಕೆ ಅನುಕೂಲ ಆಗ್ಲಿ ಅಂತ ಮಾಡಿದ್ದು!

ಈಗ ಗಣೇಶಪುರಿ, ವಜ್ರೇಶ್ವರಿ ಪಕ್ಕ ಹರಿಯುವ ನಮ್ಮ ತಾನ್ಸಾ ನದಿಗೆ ಬನ್ನಿ. ಕಾರ್ಕಳದಿಂದ ಬಂದು ಭಿವಂಡಿಯಲ್ಲಿ ಕ್ಯಾಂಟೀನ್ ನಡೆಸ್ತಿದ್ದ ನನ್ನ ಅಪ್ಪ ಗಣೇಶಪುರಿಯಲ್ಲಿ ನೆಲೆಸಿದ್ದ ನಿತ್ಯಾನಂದ ಸ್ವಾಮಿಗಳ ಭಕ್ತರು. 1961ರಲ್ಲಿ ಸ್ವಾಮಿಗಳು ಸಮಾಧಿಯಾದ ಮೇಲೂ ವರ್ಷಕ್ಕೊಮ್ಮೆ ನಮ್ಮನ್ನೆಲ್ಲ ಗಣೇಶಪುರಿಗೆ ಕರ್ಕೊಂಡು ಹೋಗ್ತಿದ್ರು. ಬೆಳಗಿನ ಜಾವ ಕುಂಡದಿಂದ ಹೊಗೆ ಏಳ್ತಿತ್ತು, ಮನೆಗೆ ಬಂದ್ರೂ ಅಪ್ಪನ ಬೈರಾಸಿಗೆ ಎರಡು ದಿನ ಗಂಧಕದ ವಾಸನೆ. ಕಳೆದ ಜನವರಿಯಲ್ಲಿ ಮೊಮ್ಮಗನ ಜೊತೆ ಹೋದಾಗ ಕುಂಡದ ಮೂಲೆಯಲ್ಲಿ ನೊರೆ ನಿಂತಿತ್ತು, ಮೆಟ್ಟಿಲಿಗೆ ಶಾಂಪೂ ಪ್ಯಾಕೆಟ್‌ಗಳು ಅಂಟಿದ್ವು, ಒಬ್ಬರು ಮೈಗೆಲ್ಲ ತೆಂಗಿನೆಣ್ಣೆ ಹಚ್ಕೊಂಡು ಹಾಗೇ ಇಳಿದ್ರು. ಅಜ್ಜಿ, ಇದು ಕೊಳಕು ಅಂತ ಹುಡುಗ ನೀರಿಗೆ ಕಾಲೇ ಇಡ್ಲಿಲ್ಲ. ನಾನು ಏನು ಹೇಳ್ಲಿ ಅವನಿಗೆ?

ಮಳೆ ನೀರು ಬಂಡೆಯ ಬಿರುಕುಗಳಲ್ಲಿ ಆಳಕ್ಕಿಳಿದು ಕಾದು ಮತ್ತೆ ಮೇಲೆ ಬರುವ ದಾರಿ ಅದು. ಅಲ್ಲಿ ಟ್ಯಾಂಕ್, ಕಾಂಕ್ರೀಟ್ ಅಂತ ಕೈ ಹಾಕುವ ಮೊದಲು ಭೂಗರ್ಭದ ವಿಷಯ ತಿಳಿದವರನ್ನ ಕೇಳ್ಬೇಕು, ಆ ನೀರಲ್ಲಿ ಏನೇನು ಬದುಕ್ತಾ ಉಂಟು ಅಂತ ನೋಡ್ಬೇಕು. ಬೇಕಾದ್ರೆ ಕುಂಡದಿಂದ ದೂರ ನಾಲ್ಕು ನಲ್ಲಿ, ಬಟ್ಟೆ ಬದಲಿಸ್ಲಿಕ್ಕೆ ಎರಡು ರೂಮ್ ಮಾಡ್ಲಿ, ಹೆಂಗಸರಿಗೆ ನಿಜವಾಗಿ ಕಷ್ಟ ಆಗುವುದು ಅದಕ್ಕೇ.

ಸಂಘದವರಿಗೆ ಕೈಮುಗಿದು ಕೇಳ್ತೇನೆ, ಬಸ್ ಹತ್ತುವಾಗಲೇ ಮೈಕಲ್ಲಿ ಹೇಳಿಬಿಡಿ, ಸೋಪು, ಶಾಂಪೂ, ಎಣ್ಣೆ ಯಾವುದೂ ಬ್ಯಾಗಲ್ಲಿ ಬೇಡ ಅಂತ. ಇನ್ನು ಮುಂದೆ ಪಿಕ್ನಿಕ್ ಬರಹ ಹಾಕುವಾಗ ನೀವೂ ಕೆಳಗೆ ಇದೊಂದು ಸಾಲು ಸೇರಿಸಿ.

ಇತಿ,
ಡೊಂಬಿವಲಿಯಿಂದ ನಿಮ್ಮ ಹಳೇ ಓದುಗಾರ್ತಿ