ಬೋರ್ಡಿನ ಮೇಲಿನ ಮೂಲೆ

2025 ಜೂನ್ 2ರಂದು, ಶಾಲೆ ತೆರೆಯುವ ದಿನದ ಪ್ರವೇಶೋತ್ಸವದ ಬಲೂನು, ಪಾಯಸ ಎಲ್ಲ ಮುಗಿದ ಮೇಲೆ ಒಂದನೇ ಕ್ಲಾಸಿನ ಬೋರ್ಡಿನ ಮೇಲಿನ ಮೂಲೆಯಲ್ಲಿ ಬಲಗೈಯಿಂದ ತಾರೀಕು ಬರೆದೆ. ಸ್ವಲ್ಪ ಓರೆಯಾಯಿತು, ಆದರೆ ಚಾಕ್ ಬೀಳಲಿಲ್ಲ. ಮೂರೂವರೆ ವರ್ಷದಿಂದ ಬೋರ್ಡಿನ ಕೆಳಗಿನ ಅರ್ಧದಲ್ಲೇ ಬರೆಯುತ್ತಿದ್ದೆ. ಹಿಂದಿನ ಬೆಂಚಿನ ಮಕ್ಕಳು ಎದ್ದು ನಿಂತು ನೋಡಬೇಕಿತ್ತು. ಆಪರೇಶನ್ ಆಗಿ ವರ್ಷ ದಾಟದೆ ಯಾರಿಗೂ ಥ್ಯಾಂಕ್ಸ್ ಹೇಳುವುದಿಲ್ಲ ಎಂದು ಹಟ ಹಿಡಿದಿದ್ದೆ. ಮೊದಲೇ ಹೇಳಿಬಿಟ್ಟು ಆಮೇಲೆ ಕೈಯೇ ಕೈಕೊಟ್ಟರೆ?

ಕಾಯಿಲೆಯ ಪುರಾಣ ನನ್ನ ಜೊತೆಗಿದ್ದ ನಿಮಗೆಲ್ಲ ಬಾಯಿಪಾಠ. ಕುತ್ತಿಗೆಯ ಬುಡದಲ್ಲಿ ಕೈಯ ನರ ಒತ್ತಿಹೋಗುವ ಇದಕ್ಕಿರುವ ಥೊರಾಸಿಕ್ ಔಟ್‌ಲೆಟ್ ಸಿಂಡ್ರೋಮ್ ಎಂಬ ಹೆಸರನ್ನು ನಾನು ಕಲಿಯುವಷ್ಟರಲ್ಲಿ ಸ್ಟಾಫ್ ರೂಮಿನಲ್ಲಿ ಅದು ಬರೀ ‘ಔಟ್‌ಲೆಟ್’ ಆಗಿತ್ತು. ಕೇರಳದಲ್ಲಿ ಔಟ್‌ಲೆಟ್ ಎಂದರೆ ಜನರಿಗೆ ನೆನಪಾಗುವುದು ಬೆವ್ಕೊ, ಅಂದರೆ ಸರಕಾರಿ ಮದ್ಯದಂಗಡಿಯ ಕ್ಯೂ. ‘ಟೀಚರಿಗೆ ಔಟ್‌ಲೆಟ್ ತೊಂದರೆಯಂತೆ’ ಎಂದು ಕೇಳಿಸಿಕೊಂಡ ಒಬ್ಬ ಹೆತ್ತವರು ನನ್ನನ್ನು ನೋಡಿದ ನೋಟ ಇನ್ನೂ ಮರೆತಿಲ್ಲ.

ಶುರುವಾದದ್ದು 2021ರ ನವೆಂಬರ್ 1ರಂದು, ಕೊರೊನಾ ಮುಗಿಸಿ ಶಾಲೆ ತೆರೆದ ದಿನ. ಕೇರಳ ರಾಜ್ಯ ಹುಟ್ಟಿದ ದಿನವಾದ ಕೇರಳಪ್ಪಿರವಿಯೂ ಹೌದು, ನಮ್ಮ ರಾಜ್ಯೋತ್ಸವವೂ ಹೌದು. ‘ಅ’ ಬರೆಯಲು ಕೈ ಎತ್ತಿದೆ, ಚಾಕ್ ಜಾರಿತು. ಉಂಗುರ ಬೆರಳು, ಕಿರುಬೆರಳು ಎರಡೂ ನನ್ನವಲ್ಲ ಎಂಬ ಹಾಗೆ ಜೋಮು ಹಿಡಿದಿದ್ದವು. ಆಮೇಲಿನ ಎರಡು ವರ್ಷ ನೋವಿನ ಜೊತೆಗೆ ಸಾಕ್ಷಿ ಒದಗಿಸುವ ಕೆಲಸವೂ ನನ್ನ ಪಾಲಿಗೆ ಬಂತು. ಕುತ್ತಿಗೆಯ ಎಂಆರ್‌ಐ ನಾರ್ಮಲ್, ನರದ ಟೆಸ್ಟೂ ನಾರ್ಮಲ್. ಒಬ್ಬರು ಸವಕಳಿ ಎಂದರು, ಒಬ್ಬರು ಮಣಿಕಟ್ಟಿಗೆ ಆಪರೇಶನ್ ಮಾಡೋಣ ಎಂದರು, ಇನ್ನೊಬ್ಬರು ಟೆನ್ಶನ್ನಿಗೆ ಮಾತ್ರೆ ಬರೆದರು. ಕಡೆಗೆ ಕೇರಳ-ಕರ್ನಾಟಕ ಗಡಿಯ ತಲಪಾಡಿ ದಾಟಿ ಹೋದ ಮೇಲೆ ಮಂಗಳೂರಿನ ಒಬ್ಬ ಡಾಕ್ಟರು ನನ್ನ ಹಳೆಯ ಎಕ್ಸ್‌ರೇಯನ್ನೇ ಬೆಳಕಿಗೆ ಹಿಡಿದು, ಕುತ್ತಿಗೆಯ ಏಳನೇ ಮೂಳೆಯಿಂದ ಹೊರಟ ಒಂದು ಹೆಚ್ಚುವರಿ ಪಕ್ಕೆಲುಬು ತೋರಿಸಿದರು. ಅದು ನೂರರಲ್ಲಿ ಒಬ್ಬರಿಗೂ ಇರುವುದಿಲ್ಲವಂತೆ, ಇದ್ದವರಲ್ಲೂ ಹೆಚ್ಚಿನವರಿಗೆ ಅದು ಇರುವುದೇ ಗೊತ್ತಾಗುವುದಿಲ್ಲವಂತೆ. ನನ್ನದು ಕೈಗೆ ಇಳಿಯುವ ನರಗಳ ಗೊಂಚಲನ್ನು ಒತ್ತಿ ಕೂತಿತ್ತು. ಎರಡೂ ಕೈ ಮೇಲೆತ್ತಿ ಮೂರು ನಿಮಿಷ ಮುಷ್ಟಿ ಬಿಗಿದು ಬಿಡಲು ಹೇಳಿದರು. ಒಂದು ನಿಮಿಷವಾಗುವ ಮೊದಲೇ ಬಲಗೈ ಬಿತ್ತು. ಬೋರ್ಡಿನಲ್ಲಿ ಬರೆಯುವುದು, ಹಗ್ಗಕ್ಕೆ ಬಟ್ಟೆ ಹಾಕುವುದು, ಜಡೆ ಹೆಣೆಯುವುದು, ದಿನವಿಡೀ ನಾನು ಬರೆಯುತ್ತಿದ್ದದ್ದು ಅದೇ ಪರೀಕ್ಷೆ!

ಈಗ ಅಕ್ಕನ ವಿಷಯ. ಅಕ್ಕ ಎಂದರೆ ನನ್ನ ಓರಗಿತ್ತಿ. ಎರಡು ವರ್ಷ ನನ್ನನ್ನು ಎಲ್ಲರಿಗಿಂತ ಹೆಚ್ಚು ಸಂಶಯದಿಂದ ನೋಡಿದವಳು ಅವಳೇ. ಹೆರೆಮಣೆಯಲ್ಲಿ ಕೂತು ಕಾಯಿ ಹೆರೆಯುವ ಕೆಲಸ ನನ್ನಿಂದ ಅವಳಿಗೆ ದಾಟಿದ ದಿನ, “ಶಾಲೆಲಿ ಬೇನೆ ಆಗದ್ದ ಕೈ ಮನೆಲಿ ಎಂತಕೆ ಬೇನೆ ಆವ್ತು?” ಎಂದು ನಮ್ಮ ಮನೆಮಾತಿನಲ್ಲಿ ಕೇಳಿದ್ದಳು. ನಾನು ಒಂದು ತಿಂಗಳು ಸರಿಯಾಗಿ ಮಾತಾಡಲಿಲ್ಲ. ಇದನ್ನೆಲ್ಲ ಬರೆಯಲೋ ಎಂದು ನಿನ್ನೆ ಕೇಳಿದೆ. “ಬರೆ, ಲೊಟ್ಟೆ ಅಲ್ಲನ್ನೆ” ಎಂದಳು, ಸುಳ್ಳಲ್ಲವಲ್ಲ ಎಂದು.

2024ರ ಏಪ್ರಿಲಿನಲ್ಲಿ ಆಪರೇಶನ್. ಆ ಎಲುಬು, ಅದರ ಕೆಳಗಿನ ಮೊದಲನೇ ಪಕ್ಕೆಲುಬು, ಕುತ್ತಿಗೆಯ ಒಂದು ಮಾಂಸಖಂಡ ಎಲ್ಲ ತೆಗೆದರು. ಹೆಂಗಸರ ವಾರ್ಡಿನಲ್ಲಿ ರಾತ್ರಿ ಗಂಡಸರನ್ನು ಬಿಡುವುದಿಲ್ಲ. ನಮ್ಮವರು ಹೊರಗಿನ ಬೆಂಚಿನಲ್ಲಿ, ಒಳಗೆ ಬೈಸ್ಟಾಂಡರ್ ಆಗಿ, ಅಂದರೆ ರೋಗಿಯ ಜೊತೆಗೆ ನಿಲ್ಲುವವಳಾಗಿ ಅಕ್ಕ. ಎರಡನೇ ರಾತ್ರಿ ಮೊಣಕೈಯಿಂದ ಕಿರುಬೆರಳಿನವರೆಗೆ ಕೆಂಡ ಎಳೆದ ಹಾಗೆ ಉರಿ. ಬೆರಳು ಮೊದಲಿಗಿಂತಲೂ ಸೋತಿದ್ದವು. ಅಲುಗಾಡಿಸಿದ ನರ, ಹೀಗಾಗುವುದುಂಟು ಎಂದು ಡಾಕ್ಟರು ಹೇಳಿದ್ದರು. ರಾತ್ರಿ ಎರಡು ಗಂಟೆಗೆ ಅದೆಲ್ಲ ಯಾರ ಕಿವಿಗೆ ಹೋಗುತ್ತದೆ? ಈ ಕೈಯನ್ನು ಕತ್ತರಿಸಿ ಬಿಸಾಡಲು ಹೇಳು ಎಂದು ಅತ್ತುಬಿಟ್ಟೆ. ಮಗನನ್ನು ನೀನೇ ನೋಡಿಕೋ ಎಂದೂ ಹೇಳಿದೆನಂತೆ. ನನಗೆ ನೆನಪಿಲ್ಲ. ಅವಳಿಗಿದೆ.

ಕೈಯ ಭಾರವೇ ಹೆಗಲನ್ನು ಕೆಳಗೆ ಜಗ್ಗುತ್ತಿತ್ತು, ದಿಂಬು ಜಾರುತ್ತಿತ್ತು. ಅಕ್ಕ ಸ್ಟೂಲು ಎಳೆದುಕೊಂಡು ತನ್ನ ಅಂಗೈಯನ್ನು ನನ್ನ ಮೊಣಕೈಯ ಅಡಿಗೆ ಕೊಟ್ಟಳು. ಮಕ್ಕಳನ್ನು ಮಲಗಿಸುವ ಸ್ವರದಲ್ಲಿ “ನೀನು ಒರಗು, ಆನಿದ್ದೆ” ಎಂದಳು, ನೀನು ಮಲಗು, ನಾನಿದ್ದೇನೆ ಎಂದು. ಸಮಾಧಾನದ ಬೇರೆ ಮಾತೇ ಆಡಲಿಲ್ಲ. ಅಡಿಕೆ ಸುಲಿದು ಸುಲಿದು ಒರಟಾದ ಅಂಗೈ, ಹೆಬ್ಬೆರಳ ಬುಡದಲ್ಲಿ ಮಾಸದ ಕಲೆ. ಅದನ್ನೇ ನೋಡುತ್ತಾ ಯಾವಾಗ ನಿದ್ದೆ ಹೋದೆನೋ. ಬೆಳಗಿನ ಜಾವ ನರ್ಸ್ ಬಂದು ಲೈಟ್ ಹಾಕಿದಾಗ ಕೈ ಅಲ್ಲೇ ಇತ್ತು. ತೆಗೆದು ಕೊಡವಿದಳು, ಮುಖ ಹಿಂಡಿದಳು: “ಜೋಮು ಹಿಡುದ್ದು ಮಾರಾಯ್ತಿ. ನಿನಗೆ ಎಂತ ಆವ್ತು ಹೇಳಿ ಈಗ ಗೊಂತಾತು.” ನಗು ಬಂತು. ನಕ್ಕರೆ ಹೊಲಿಗೆ ನೋಯುತ್ತಿತ್ತು, ಆದರೂ ನಕ್ಕೆ. ಅವಳ ಮೇಲೆ ನನಗಿದ್ದ ಸಿಟ್ಟು ಅಂದು ಎಲ್ಲಿ ಹೋಯಿತೋ, ಹುಡುಕಲಿಲ್ಲ.

ಉಳಿದವರು ಕ್ಷಮಿಸಬೇಕು, ನಿಮಗೆಲ್ಲ ಸೇರಿ ಒಂದೇ ಪ್ಯಾರಾ. ಸರಕಾರಿ ನೌಕರರ ಆರೋಗ್ಯ ವಿಮೆಯಾದ ಮೆಡಿಸೆಪ್ಪಿನ ಕಾಗದ ಹಿಡಿದು ಓಡಾಡಿದ ಭಾವ, ಕಾಯಿಲೆಗೆ ಹಾಕಿದ ಕಮ್ಯೂಟೆಡ್ ಲೀವಿಗೆ ಒಮ್ಮೆಯೂ ಮುಖ ಗಂಟಿಕ್ಕದ ನಮ್ಮ ಶಾಲೆಯ ಎಚ್ಚೆಮ್, ನನ್ನ ಕ್ಲಾಸು ನೋಡಿಕೊಂಡ ಸಹೋದ್ಯೋಗಿಗಳು, ಆಪರೇಶನ್ನಿಗೆ ಮೊದಲೂ ಆಮೇಲೂ “ತೋಳ್ ತಾಳ್ತೂ, ಟೀಚರೇ” (ಹೆಗಲು ಇಳಿಸಿ, ಟೀಚರೇ) ಎಂದು ಮಲಯಾಳದಲ್ಲಿ ಹೇಳುತ್ತಾ ಉಸಿರಾಡಲು ಹೊಸದಾಗಿ ಕಲಿಸಿದ ಫಿಸಿಯೋ ಹುಡುಗಿ, ಆ ಹಳೆಯ ಎಕ್ಸ್‌ರೇ ನೋಡುವ ತಾಳ್ಮೆ ತೋರಿಸಿದ ಡಾಕ್ಟರು. ನಮ್ಮವರಿಗೆ ಎದುರಲ್ಲೇ ಹೇಳಿದ್ದೇನೆ. ಪ್ರೊಜೆಕ್ಟರ್ ಇದೆಯಲ್ಲ, ಬೋರ್ಡ್ ಯಾಕೆ ಎಂದವರಿಗೂ ಥ್ಯಾಂಕ್ಸ್. ಆದರೆ ಒಂದನೇ ಕ್ಲಾಸಿಗೆ ‘ಅ’ ತಿದ್ದಿಸಲು ಕೈಯೇ ಬೇಕು.

ಪೂರ್ತಿ ಗುಣವಾಗಿದೆ ಎನ್ನಲಾರೆ. ಮಳೆ ಹಿಡಿದರೆ ಕಿರುಬೆರಳು ನೆನಪಿಸುತ್ತದೆ, ಬ್ಯಾಗು ಈಗಲೂ ಎಡ ಹೆಗಲಿಗೇ. ಕಳೆದ ಭಾನುವಾರ ಯಾರೂ ಇಲ್ಲದ ಹೊತ್ತು ನೋಡಿ ಹೆರೆಮಣೆಯ ಮೇಲೆ ಕೂತೆ. ಒಂದು ಕಡಿ ಹೆರೆದು ಮುಗಿಸಿ ಇನ್ನೊಂದಕ್ಕೆ ಕೈ ಹಾಕುವಷ್ಟರಲ್ಲಿ ಅಕ್ಕ ಹಿಂದಿನಿಂದ ಬಂದು ಅದನ್ನು ಕಸಿದುಕೊಂಡಳು.

“ಇಂದಿಂಗೆ ಅಷ್ಟು ಸಾಕು. ಏಳು, ನಾಳೆ ಶಾಲೆ ಇದ್ದು.”