ಮಳೆಗಾಲಕ್ಕೆ ಮುಂಚೆ ನಮ್ಮ ಆರೋಗ್ಯ ನಿಧಿ ತುಂಬಬೇಕು: ದೇಣಿಗೆಗಾಗಿ ಮನವಿ

ಪ್ರೀತಿಯ ದಾನಿಗಳಿಗೆ, ಹಿತೈಷಿಗಳಿಗೆ ನಮಸ್ಕಾರ.

ಜೂನ್ ಹತ್ತಿರ ಬಂತು. ಹೋಟೆಲಿನಲ್ಲಿ ದುಡಿಯುವ ಹುಡುಗರಿಗೆ ನೆರವಾಗುವ ನಮ್ಮ ಟ್ರಸ್ಟಿನ ಆರೋಗ್ಯ ನಿಧಿಯ ಖಾತೆ ಹೆಚ್ಚುಕಡಿಮೆ ಖಾಲಿಯಾಗಿದೆ. ಕಳೆದ ಮಳೆಗಾಲದಲ್ಲಿ ಆದದ್ದು ಈ ಸಲ ಆಗಬಾರದು ಅಂತ ಈ ಪತ್ರ ಬರೆಯುತ್ತಿದ್ದೇವೆ.

ಮುಂಬಯಿ ಹತ್ತಿರದ ಡೊಂಬಿವಲಿಯ ಒಂದು ಹೋಟೆಲಿನಲ್ಲಿ ಕುಂದಾಪುರ ಕಡೆಯ ಹುಡುಗ ಕೆಲಸಕ್ಕಿದ್ದ. 22 ವರ್ಷ. ನಾಲ್ಕು ದಿನ ಜ್ವರ ಬಂತು. ಜ್ವರ ಬಿಟ್ಟಿತು ಅಂತ ಕೆಲಸಕ್ಕೆ ಹೋದವನು ಇಡ್ಲಿ ಹಿಟ್ಟಿನ ಪಾತ್ರೆ ಎತ್ತುವಾಗ ಎದೆ ಹಿಡಿದುಕೊಂಡು ಕೂತುಬಿಟ್ಟ. ಆಸ್ಪತ್ರೆಯಲ್ಲಿ ನೋಡಿದರೆ ಇಸಿಜಿ ಸರಿ ಇಲ್ಲ, ಹೃದಯದ ಸ್ನಾಯುವಿಗೆ ಪೆಟ್ಟಾದರೆ ರಕ್ತದಲ್ಲಿ ಏರುವ ಟ್ರೋಪೋನಿನ್ ಜಾಸ್ತಿ. ಹಾರ್ಟ್ ಅಟ್ಯಾಕ್ ಅಂತ ಎಲ್ಲರೂ ಹೆದರಿದರು. ಆಂಜಿಯೋಗ್ರಫಿಯಲ್ಲಿ ಎಲ್ಲೂ ಬ್ಲಾಕ್ ಇರಲಿಲ್ಲ. ಹೃದಯದ ಸ್ನಾಯುವಿಗೇ ಉರಿಯೂತ ಆಗಿರಬಹುದು, ಮಯೋಕಾರ್ಡೈಟಿಸ್ ಇರಬಹುದು, ಬೇಗ ಹೃದಯದ ಎಂಆರ್‌ಐ ಮಾಡಿಸಿ ಅಂದರು ಡಾಕ್ಟರು.

ಆ ದಿನ ನಮ್ಮ ಕೈಯಲ್ಲಿ ದುಡ್ಡಿರಲಿಲ್ಲ. ಅವರಿವರ ಹತ್ತಿರ ಕೇಳಿ ಕೂಡಿಸುವಷ್ಟರಲ್ಲಿ ಐದು ವಾರ ಕಳೆಯಿತು. ಅಷ್ಟರಲ್ಲಿ ಊತ ಇಳಿದಿತ್ತು. ಸ್ಕ್ಯಾನಿನಲ್ಲಿ ಒಂದು ಕಲೆ ಕಂಡಿತು, ಆದರೆ ಅದು ಈಗಿನದೋ ಹಳೆಯದೋ ಖಚಿತವಾಗಿ ಹೇಳಲು ಆಗಲಿಲ್ಲ. ಮೊದಲ ಎರಡು ಮೂರು ವಾರದೊಳಗೆ ಬಂದಿದ್ದರೆ ಸ್ಪಷ್ಟವಾಗಿ ಕಾಣುತ್ತಿತ್ತು ಅಂದರು. ಆ ಮಾತು ನಮಗೆ ಇವತ್ತಿಗೂ ನೋವು ಕೊಡುತ್ತದೆ.

ಈ ಪರೀಕ್ಷೆ ಯಾಕೆ ಅಷ್ಟು ಮುಖ್ಯ ಅಂತ ಹಲವರು ಕೇಳಿದ್ದೀರಿ. ಎಂಆರ್‌ಐಯಲ್ಲಿ ಎಕ್ಸ್‌ರೇ ಕಿರಣ ಇಲ್ಲ, ಆಯಸ್ಕಾಂತದ ಬಲದಿಂದ ಚಿತ್ರ ತೆಗೆಯುತ್ತಾರೆ. ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಮಲಗಿರಬೇಕು, ಹೇಳಿದಾಗೆಲ್ಲ ಉಸಿರು ಹಿಡಿಯಬೇಕು. ಸ್ನಾಯು ಊದಿಕೊಂಡಾಗ ಅಲ್ಲಿ ನೀರಿನ ಅಂಶ ಹೆಚ್ಚುತ್ತದೆ. ಟಿ2 ಅನ್ನುವ ಚಿತ್ರಗಳಲ್ಲಿ ಅದು ಗೊತ್ತಾಗುತ್ತದೆ. ಆಮೇಲೆ ಗ್ಯಾಡೋಲಿನಿಯಂ ಔಷಧಿ ಚುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಚಿತ್ರ ತೆಗೆದರೆ ಪೆಟ್ಟಾದ ಜಾಗ ಬೆಳ್ಳಗೆ ಕಾಣುತ್ತದೆ. ಹಾರ್ಟ್ ಅಟ್ಯಾಕ್ ಆದರೆ ಆ ಬಿಳಿ ಕಲೆ ಒಳಪದರದಿಂದ ಶುರುವಾಗುತ್ತದೆ. ಉರಿಯೂತದಲ್ಲಿ ಹೆಚ್ಚಾಗಿ ಹೊರಪದರದಲ್ಲೋ ನಡುವೆಯೋ ಇರುತ್ತದೆ. ಚಿತ್ರ ನೋಡಿ ಮಯೋಕಾರ್ಡೈಟಿಸ್ ಹೌದೋ ಅಲ್ಲವೋ ಅಂತ ವೈದ್ಯರು ತೀರ್ಮಾನಿಸುವುದು ಕೆನಡಾದ ಲೇಕ್ ಲೂಯಿಸ್ ಹೆಸರಿನ ಮಾನದಂಡದಿಂದ. 2009ರಲ್ಲಿ ಬಂದ ಅದನ್ನು 2018ರಲ್ಲಿ ತಿದ್ದಿದರು. ಇದನ್ನು ಪತ್ತೆಹಚ್ಚುವ ಇನ್ನೊಂದು ದಾರಿ ಬಯಾಪ್ಸಿ. ಆದರೆ ಅದಕ್ಕೆ ಹೃದಯದಿಂದಲೇ ಚೂರು ತೆಗೆಯಬೇಕು, ಉರಿಯೂತ ಅಲ್ಲಲ್ಲಿ ಮಾತ್ರ ಇದ್ದರೆ ತೆಗೆದ ಚೂರಿನಲ್ಲಿ ಸಿಗದೆಯೂ ಹೋಗಬಹುದು.

ಈ ಕಾಯಿಲೆ ಹೆಚ್ಚಾಗಿ ಕಾಣುವುದು ಹರೆಯದ ಗಂಡುಮಕ್ಕಳಲ್ಲಿ. ಬಹಳ ಸಲ ವೈರಸ್ ಜ್ವರದ ಬೆನ್ನಿಗೇ ಬರುತ್ತದೆ. ಡೆಂಗ್ಯೂನಲ್ಲೂ ಬರುವುದುಂಟು. ಬಂದರೆ ಮೂರರಿಂದ ಆರು ತಿಂಗಳು ಭಾರದ ಕೆಲಸ ಮಾಡಬಾರದು. ಮಾಡಿದರೆ ಹೃದಯದ ಬಡಿತ ತಪ್ಪಿ ಜೀವಕ್ಕೇ ಅಪಾಯ ಆಗಬಹುದು. ದಿನಕ್ಕೆ ಹನ್ನೆರಡು ಗಂಟೆ ನಿಂತು ದುಡಿಯುವ ಹುಡುಗನಿಗೆ ಸುಮ್ನೆ ಅನುಮಾನದ ಮೇಲೆ ಆರು ತಿಂಗಳು ಕೂರು ಅಂದರೆ ಹೇಗೆ? ಊರಲ್ಲಿ ಅವನ ಅಮ್ಮ ತಿಂಗಳ ದುಡ್ಡಿಗೆ ಕಾಯುತ್ತಾರೆ ಅಲ್ವಾ.

ನಮ್ಮ ಟ್ರಸ್ಟಿನ ಕಥೆ ನಿಮಗೆ ಹೊಸದಲ್ಲ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಕಲಿತವರು ಕಟ್ಟಿದ್ದು ಇದು. ಅವರಂತೆಯೇ ದುಡಿದು ಕಲಿಯುವ ಹುಡುಗರಿಗೆ ಪುಸ್ತಕ ಕೊಟ್ಟೆವು, ಫೀಸು ಕಟ್ಟಿದೆವು, ಕೋವಿಡ್ ದಿನಗಳಲ್ಲಿ ಕೋಣೆ ಕೋಣೆಗೆ ಊಟ ಮುಟ್ಟಿಸಿದೆವು. ಅವರಲ್ಲಿ ಕೆಲವರು ಇವತ್ತು ಸ್ವಂತ ಹೋಟೆಲಿನ ಗಲ್ಲೆಯಲ್ಲಿ ಕೂತಿದ್ದಾರೆ, ಒಬ್ಬರು ನಮ್ಮ ಟ್ರಸ್ಟಿಯೇ ಆಗಿದ್ದಾರೆ. ನಮಗೆ ಅದು ದೊಡ್ಡ ಹೆಮ್ಮೆ. ಪ್ರತಿವರ್ಷ ಊರಿನ ಯಕ್ಷಗಾನ ಮೇಳ ಮುಂಬಯಿಗೆ ಬಂದಾಗ ಸಹಾಯಾರ್ಥ ಆಟ ಆಡಿಸಿ ನಿಧಿ ಕೂಡಿಸುತ್ತೇವೆ. ಆದರೆ ಆಟ ಆಗಸ್ಟಿಗೆ, ಜ್ವರ ಶುರುವಾಗುವುದು ಜೂನಿಗೆ.

ಖಾಸಗಿ ಕೇಂದ್ರದಲ್ಲಿ ಒಂದು ಸ್ಕ್ಯಾನಿಗೆ ಅಂದಾಜು 12ರಿಂದ 20 ಸಾವಿರ ರೂಪಾಯಿ ಬೀಳುತ್ತದೆ. ಜೊತೆಗೆ ರಕ್ತಪರೀಕ್ಷೆ, ಓಡಾಟ ಇದೆ. ಸುಮಾರು 5 ಲಕ್ಷ ಮೊದಲೇ ಖಾತೆಯಲ್ಲಿದ್ದರೆ ಡಾಕ್ಟರು ಚೀಟಿ ಬರೆದ ಮರುದಿನವೇ ಸ್ಕ್ಯಾನ್ ಮಾಡಿಸಬಹುದು. ಒಂದು ಪೂರ್ತಿ ಸ್ಕ್ಯಾನ್ ನಿಮ್ಮ ಹೆಸರಲ್ಲೋ ಹಿರಿಯರ ನೆನಪಲ್ಲೋ ಕೊಡಿ. ಆಗದಿದ್ದರೆ ಐನೂರು ಕೊಟ್ಟರೂ ಅಷ್ಟೇ ಪ್ರೀತಿಯಿಂದ ತೆಗೆದುಕೊಳ್ಳುತ್ತೇವೆ.

ಮೇ 31ರೊಳಗೆ ಚೆಕ್ ಅಥವಾ ಯುಪಿಐ ಮೂಲಕ ಕೊಡಬಹುದು. ಆದಾಯ ತೆರಿಗೆ ರಿಯಾಯಿತಿಗೆ ರಸೀದಿ ಸಿಗುತ್ತದೆ. ಕೋಶಾಧಿಕಾರಿಗಳು ಪ್ರತಿ ಭಾನುವಾರ ಸಂಜೆ ಕಚೇರಿಯಲ್ಲಿರುತ್ತಾರೆ, ಬಂದು ಲೆಕ್ಕದ ಪುಸ್ತಕವನ್ನೂ ನೋಡಿ.

ನಿಮ್ಮವರೇ ಆದ,
ಕಾರ್ಯದರ್ಶಿ ಮತ್ತು ಟ್ರಸ್ಟಿಗಳು, ಮುಂಬಯಿ